ಅಂಕಿಯಿಂದ ನಾದಕ್ಕೆ: ಅಗ್ಗದ ಪರಿವರ್ತಕದ ಆಯ್ಕೆ

ಗಣಕಯಂತ್ರದಲ್ಲಿ ಸಂಗೀತವು ಅಂಕಿಗಳ ರೂಪದಲ್ಲಿರುತ್ತದೆ. ಅದನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸತಕ್ಕ ಉಪಕರಣವೇ ಡಿಜಿಟಲ್-ಅನಲಾಗ್ ಪರಿವರ್ತಕ. ಹೆಡ್‌ಫೋನಿನ ಕಿಂಡಿಯಿರುವ ಗಣಕದೊಳಗೆ ಇಂಥದೊಂದು ಇದ್ದೇ ಇರುತ್ತದೆ. ಹೀಗಿರಲು ಬೇರೊಂದನ್ನು ಕೊಳ್ಳುವುದೇತಕ್ಕೆ?

ಮಾರಾಟಗಾರರು ಮುಂದಿಡುವುದು 32 ಬಿಟ್, ಸೆಕೆಂಡಿಗೆ 3,84,000 ಮಾದರಿ ಎಂಬಂಥ ದೊಡ್ಡ ಸಂಖ್ಯೆಗಳನ್ನು. ಆದರೆ 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಮಾನವು 16 ಬಿಟ್ ಮತ್ತು 44,100 ಮಾದರಿ. ಮಾದರಿಸಂಖ್ಯೆಯ ಅರ್ಧ, ಎಂದರೆ 22,050 ಹರ್ಟ್ಸ್‌ವರೆಗಿನ ಕಂಪನವನ್ನು ಅದು ಹಿಡಿಯಬಲ್ಲುದು. ಮನುಷ್ಯನ ಕಿವಿಯ ಮೇರೆ ಸುಮಾರು 20,000. 16 ಬಿಟ್ಟಿನಲ್ಲಿ ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವೆ ಸುಮಾರು 96 ಡೆಸಿಬೆಲ್ಲುಗಳ ಅಂತರ ದೊರೆಯುತ್ತದೆ. ಮಲ್ಲಿಕಾರ್ಜುನ ಮನ್ಸೂರರ 78 ಸುತ್ತಿನ ತಟ್ಟೆಗಳಿಂದ ಗಣಕಕ್ಕೇರಿಸಿದ ಗಾಯನಕ್ಕಂತೂ ಇದು ಧಾರಾಳ. ಅಲ್ಲಿನ ಗರಗರ ಸದ್ದು ತಟ್ಟೆಯದೇ. ಎಷ್ಟೇ ಬೆಲೆಯ ಪರಿವರ್ತಕವೂ ಅದನ್ನು ಅಳಿಸಲಾರದು.

ಪರೀಕ್ಷಿಸಬೇಕಾದುವು ಮೂರು. ಸಂಗೀತ ನಿಂತಾಗ ಗಣಕದೊಳಗಿನ ವಿದ್ಯುತ್ ಗದ್ದಲವು ಹೆಡ್‌ಫೋನಿನಲ್ಲಿ ಕೇಳಿಸಬಾರದು. ಸಾಕಷ್ಟು ದನಿ ಹೊರಡಬೇಕು. 300 ಓಮಿನ ಹೆಡ್‌ಫೋನಿಗೆ ಹೆಚ್ಚಿನ ವೋಲ್ಟೇಜು ಬೇಕಾಗುವುದುಂಟು. ಹೊರಗಿಂಡಿಯ ರೋಧವು ಹೆಡ್‌ಫೋನಿನ ರೋಧದ ಎಂಟನೆಯ ಒಂದು ಪಾಲನ್ನು ಮೀರದಿರುವುದು ಒಳ್ಳೆಯದು. 32 ಓಮಿಗೆ 4 ಓಮ್.

ಇವು ಸರಿಯಿದ್ದಲ್ಲಿ ಕೊಳ್ಳುವ ಅಗತ್ಯವೇ ಇಲ್ಲ. ಇಲ್ಲವಾದರೆ ಈ ಮೂರರಲ್ಲಿ ತೇರ್ಗಡೆಯಾಗುವ, ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸುವ ಅಗ್ಗದ ಪರಿವರ್ತಕವೇ ಸಾಕು. ಉಳಿದ ಹಣವನ್ನು ಹೆಡ್‌ಫೋನಿಗೆ ವಿನಿಯೋಗಿಸುವುದು ಲೇಸು. ನಾದದ ಭೇದವು ಕಿವಿಗೆ ಹೆಚ್ಚು ಗೋಚರಿಸುವುದು ಅದರಿಂದಲೇ.