ಚಿಕಿತ್ಸೆಯ ನಡುವೆ ವೈದ್ಯರ ಮೇಲಿನ ವಿಶ್ವಾಸ ಕುಂದಿದಾಗ ರೋಗಿಗಳಿಗೆ ಇರುವ ಅವಕಾಶಗಳು

(ಹಿರೇಕೆರೂರು ತಾಲ್ಲೂಕಿನ ಸಾರ್ವಜನಿಕರ ಮಾಹಿತಿಗಾಗಿ)

ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ 2010ರಿಂದ 2017ರವರೆಗಿನ ಅವಧಿಯಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ನಡೆದಿದ್ದು, ಇವುಗಳಲ್ಲಿ ಅನೇಕವು ಅನಗತ್ಯವಾಗಿದ್ದವು ಎಂಬ ದೂರು ರಾಜ್ಯದ ಗಮನ ಸೆಳೆದಿತ್ತು. ಬಾಧಿತರಲ್ಲಿ ಬಹುಪಾಲು ಲಂಬಾಣಿ ತಾಂಡಾಗಳ ಕೂಲಿಕಾರ ಮಹಿಳೆಯರಾಗಿದ್ದರು. ಪರಿಹಾರ ಕೋರಿ 2022ರಲ್ಲಿ ಅವರು ಪಾದಯಾತ್ರೆಯನ್ನೂ ಕೈಗೊಂಡರು. ಹೊಟ್ಟೆನೋವು ಅಥವಾ ಬಿಳಿಸೆರಗಿಗೆಂದು ಆಸ್ಪತ್ರೆಗೆ ಬಂದವರಿಗೆ ಶಸ್ತ್ರಚಿಕಿತ್ಸೆಯೊಂದೇ ದಾರಿ ಎಂದು ಹೇಳಿದಾಗ, ಮತ್ತೊಬ್ಬ ವೈದ್ಯರನ್ನು ಕೇಳಬಹುದೆಂಬ ತಿಳಿವಳಿಕೆ ಹಳ್ಳಿಗಳಲ್ಲಿ ಇಂದಿಗೂ ಕಡಿಮೆ. ಕೇಳಿದರೆ ವೈದ್ಯರು ಸಿಟ್ಟಾಗುವರೆಂಬ ಅಂಜಿಕೆಯೂ ಇದೆ.

ಎರಡನೆಯ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕಾಗಿದೆ. ಇದಕ್ಕೆ ಮೊದಲ ವೈದ್ಯರ ಅನುಮತಿ ಬೇಕಿಲ್ಲ. ಆದರೆ ದಾಖಲೆಗಳಿಲ್ಲದೆ ಹೋದಲ್ಲಿ ಎಲ್ಲ ಪರೀಕ್ಷೆಗಳನ್ನೂ ಹೊಸದಾಗಿ ಮಾಡಿಸಬೇಕಾಗುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ರೋಗಿ ಅಥವಾ ಆತನ ಅಧಿಕೃತ ಪ್ರತಿನಿಧಿ ಕೋರಿದಲ್ಲಿ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಒದಗಿಸತಕ್ಕದ್ದು. ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಯ್ದಿರಿಸತಕ್ಕದ್ದು. ಕೋರಿಕೆಯನ್ನು ಬರವಣಿಗೆಯಲ್ಲಿ ನೀಡಿ, ಪ್ರತಿಯ ಮೇಲೆ ದಿನಾಂಕಸಹಿತ ಸ್ವೀಕೃತಿ ಪಡೆಯುವುದು ಉತ್ತಮ. ಸರ್ಕಾರಿ ಆಸ್ಪತ್ರೆಯಾಗಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿಯೂ ಅರ್ಜಿ ಸಲ್ಲಿಸಬಹುದಾಗಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ವೈದ್ಯರ ಮೇಲೆ ಬೇಸರವಾಯಿತೆಂದು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂರ್ಛೆರೋಗ ಅಥವಾ ಕ್ಷಯರೋಗದ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು. ಕ್ಷಯದ ಮಾತ್ರೆ ನಡುವೆ ನಿಂತಲ್ಲಿ ರೋಗ ಔಷಧಿಗೆ ಬಗ್ಗದಂತಾಗುವ ಅಪಾಯವಿದೆ. ನಿಕ್ಷಯ ಗುರುತಿನ ಸಂಖ್ಯೆ ಹೊಂದಿದವರು ಅದನ್ನು ತೋರಿಸಿ ಬೇರೊಂದು ಆರೋಗ್ಯ ಕೇಂದ್ರಕ್ಕೆ ಚಿಕಿತ್ಸೆಯನ್ನು ವರ್ಗಾಯಿಸಿಕೊಳ್ಳಬಹುದು. ಹೊಸ ವೈದ್ಯರು ದೊರೆಯುವವರೆಗೆ ಹಳೆಯ ಚೀಟಿಯಂತೆಯೇ ಔಷಧಿ ಮುಂದುವರಿಸುವುದು, ಔಷಧಿಯಿಂದಲೇ ತೊಂದರೆಯಾಗುತ್ತಿದ್ದಲ್ಲಿ ಕೂಡಲೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸುವುದು ಸೂಕ್ತ. ವೈದ್ಯರೂ ಸಹ ಮುನ್ಸೂಚನೆ ನೀಡದೆ ರೋಗಿಯನ್ನು ಕೈಬಿಡುವಂತಿಲ್ಲವೆಂದು ಮೇಲ್ಕಂಡ ನಿಯಮಾವಳಿ ಹೇಳುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮುನ್ನ ಅದನ್ನು ಓದಿಸಿ ಕೇಳತಕ್ಕದ್ದು. ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಪರೀಕ್ಷೆಗೆಂದು ಅರಿವಳಿಕೆ ನೀಡಲಾಗಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಪರೀಕ್ಷೆಗೆ ನೀಡಿದ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಅನ್ವಯಿಸುವುದಿಲ್ಲ, ಪ್ರಾಣಾಪಾಯದ ತುರ್ತು ಇಲ್ಲದಿದ್ದಲ್ಲಿ ವಯಸ್ಕ ರೋಗಿಯ ಬದಲು ಬಂಧುಗಳು ಒಪ್ಪಿಗೆ ನೀಡಲಾಗದು ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಗರ್ಭಕೋಶ ತೆಗೆಯುವ ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳು ಅಳವಡಿಸಿಕೊಳ್ಳುವಂತೆ ಇದೇ ನ್ಯಾಯಾಲಯ ಏಪ್ರಿಲ್ 2023ರಲ್ಲಿ ನಿರ್ದೇಶಿಸಿದೆ.

ದೂರು ಎಲ್ಲಿ ಸಲ್ಲಿಸಬೇಕು?

ಯಾವ ಪರಿಹಾರ ಬೇಕೆಂಬುದರ ಮೇಲೆ ಕಚೇರಿ ನಿರ್ಧಾರವಾಗುತ್ತದೆ. ಸರ್ಕಾರಿ ಆಸ್ಪತ್ರೆಯ ಸೇವೆಯ ಬಗ್ಗೆ ಆಡಳಿತ ವೈದ್ಯಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ನಂತರ ಹಾವೇರಿಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ದೂರು ನೀಡಬಹುದು. ಹಣಕ್ಕೆ ಬೇಡಿಕೆ ಇಟ್ಟಿದ್ದಲ್ಲಿ ಲೋಕಾಯುಕ್ತವನ್ನು ಸಂಪರ್ಕಿಸಬಹುದು. ಖಾಸಗಿ ಆಸ್ಪತ್ರೆಗಳ ವಿಷಯದಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 (2017ರ ತಿದ್ದುಪಡಿಯಂತೆ) ಅಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದ್ದು, ಜಿಲ್ಲಾ ಆರೋಗ್ಯಾಧಿಕಾರಿಗಳು ಅದರ ಸದಸ್ಯ ಕಾರ್ಯದರ್ಶಿಗಳಾಗಿರುತ್ತಾರೆ. ವೈದ್ಯರ ವೃತ್ತಿ ದುರ್ನಡತೆಯ ವಿಚಾರಣೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಸೇರಿದ್ದು. ಪರಿಷತ್ತು ಎಚ್ಚರಿಕೆ ನೀಡಬಹುದು, ನೋಂದಣಿಯಿಂದ ಹೆಸರು ತೆಗೆದುಹಾಕಬಹುದು, ಆದರೆ ಪರಿಹಾರಧನ ಕೊಡಿಸಲಾರದು.

ಪರಿಹಾರಧನಕ್ಕಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿಲ್ಲ. ಎಲ್ಲರಿಗೂ ಸಂಪೂರ್ಣ ಉಚಿತ ಸೇವೆ ನೀಡುವ ಆಸ್ಪತ್ರೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಕೆಲವರಿಂದ ಶುಲ್ಕ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ ಉಚಿತ ಚಿಕಿತ್ಸೆ ಪಡೆದವರೂ ದೂರು ನೀಡಬಹುದೆಂದು 1995ರಲ್ಲೇ ಇತ್ಯರ್ಥವಾಗಿದೆ. ಗುಣವಾಗಲಿಲ್ಲವೆಂಬ ಒಂದೇ ಕಾರಣ ನಿರ್ಲಕ್ಷ್ಯವೆನಿಸುವುದಿಲ್ಲವೆಂಬುದನ್ನು ಅರ್ಜಿದಾರರು ಗಮನಿಸಬೇಕು.

ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಹಿರೇಕೆರೂರು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿಯೊಂದಿಗೆ ಚಿಕಿತ್ಸಾ ಚೀಟಿ, ಬಿಲ್ಲು, ಬಿಡುಗಡೆ ಪತ್ರ ಹಾಗೂ ದಾಖಲೆ ಕೋರಿದ ಪತ್ರದ ಸ್ವೀಕೃತಿಯ ನಕಲುಗಳನ್ನು ಲಗತ್ತಿಸುವುದು. ಮೂಲ ಪ್ರತಿಗಳನ್ನು ಯಾವ ಕಚೇರಿಗೂ ಒಪ್ಪಿಸದೆ ತಮ್ಮಲ್ಲಿಯೇ ಇರಿಸಿಕೊಳ್ಳತಕ್ಕದ್ದು.