ಸ್ಟೀಲ್ ಜಾಲಿಯ ಹೋಸ್: ಎಳೆ ಬಿಚ್ಚದಂತೆ ಕತ್ತರಿಸುವ ಬಗೆ

ಹಳೆ ಜೀಪಿಗೆ ಆಯಿಲ್ ಕೂಲರ್ ಕೂರಿಸುವಾಗ ನಾನು ಕತ್ತರಿಸಿದ ಮೊದಲ ಸ್ಟೀಲ್ ಹೋಸಿನ ತುದಿ ಥೇಟ್ ಕಡ್ಡಿಪೊರಕೆಯಂತೆ ಕೆದರಿಕೊಂಡಿತ್ತು. ಅದನ್ನು ಫಿಟಿಂಗಿನ ಬಾಯಿಗೆ ತುರುಕಲು ಹೋಗಿ ಹೆಬ್ಬೆರಳಿಗೆ ತಂತಿ ಚುಚ್ಚಿಸಿಕೊಂಡಿದ್ದೇ ಬಂತು. ಬ್ಲೇಡನ್ನು ಬೈದೆ. ಆದರೆ ಕೆಲಸ ಕೆಟ್ಟಿದ್ದು ಬ್ಲೇಡ್ ಇಡುವ ಮೊದಲೇ.

ಈ ಹೋಸಿನ ಒಳಗಿರುವುದು ರಬ್ಬರ್ ಅಥವಾ ಟೆಫ್ಲಾನ್ ಕೊಳವೆ. ಅದರ ಮೇಲೆ ಸಣ್ಣ ಸ್ಟೇನ್‌ಲೆಸ್ ತಂತಿಗಳನ್ನು ಓರೆಯಾಗಿ ಜಡೆ ಹೆಣೆದಿರುತ್ತಾರೆ. ಬೆಸುಗೆ ಗಿಸುಗೆ ಏನಿಲ್ಲ. ತಂತಿಗಳು ಒಂದನ್ನೊಂದು ಅದುಮಿಕೊಂಡು ನಿಂತಿರುತ್ತವೆ, ಅಷ್ಟೆ. ಕೊಯ್ದ ಕೂಡಲೇ ಆ ಹಿಡಿತ ತಪ್ಪಿ ಎಳೆಗಳು ಸೆಟೆದು ನಿಲ್ಲುತ್ತವೆ. ಹೂವಾಡಗಿತ್ತಿ ಮೊಳ ಅಳೆದು ದಾರ ಕೊಯ್ಯುವಾಗ ಗಂಟು ಹಾಕುತ್ತಾಳಲ್ಲ, ಇಲ್ಲಿ ಆ ಗಂಟಿನ ಕೆಲಸ ಟೇಪಿನದು.

ಮೊದಲು ಹೋಸನ್ನು ಗಾಡಿಯಲ್ಲಿ ಅದು ಸಾಗುವ ದಾರಿಯಲ್ಲೇ ಇಟ್ಟು ಉದ್ದ ನೋಡಿ. ಇಂಜಿನ್ ಅಲುಗಾಡುತ್ತದೆ, ಆದ್ದರಿಂದ ಒಂದಿಷ್ಟು ಸಡಿಲ ಬೇಕು. ಗುರುತಿನ ಮೇಲೆ ಇನ್ಸುಲೇಷನ್ ಟೇಪನ್ನು ಎಳೆದೆಳೆದು ಮೂರು ನಾಲ್ಕು ಸುತ್ತು ಸುತ್ತಿ. ಗುರುತು ಟೇಪಿನ ನಟ್ಟನಡುವೆ ಬರಲಿ. ಕೊಯ್ತ ಟೇಪನ್ನೇ ಸೀಳಿಕೊಂಡು ಹೋಗಬೇಕು. ಟೇಪಿನ ಪಕ್ಕದಲ್ಲಿ ಕೊಯ್ದರೆ ಸುತ್ತಿದ್ದೂ ದಂಡ.

ಕೈಯಲ್ಲಿ ಕೊಯ್ಯುವುದಾದರೆ ಹ್ಯಾಕ್ಸಾಗೆ ಇಂಚಿಗೆ 32 ಹಲ್ಲಿನ ಹೊಸ ಬ್ಲೇಡ್ ಹಾಕಿ. ದೊಡ್ಡ ಹಲ್ಲಿನ ಬ್ಲೇಡ್ ತಂತಿಯನ್ನು ಕೊಯ್ಯುವುದಕ್ಕಿಂತ ಕಿತ್ತು ಎಳೆಯುವುದೇ ಹೆಚ್ಚು. ಹೋಸನ್ನು ವೈಸಿಗೆ ನೇರವಾಗಿ ಕಚ್ಚಿಸಿದರೆ ಚಪ್ಪಟೆಯಾಗುತ್ತದೆ. ಎರಡು ಮರದ ತುಂಡುಗಳಲ್ಲಿ ಅರ್ಧವೃತ್ತದ ತೋಡು ಕೊರೆದುಕೊಂಡು, ಅವುಗಳ ನಡುವೆ ಹಿಡಿಸಿ. ಹಿಂದಕ್ಕೆ ಎಳೆಯುವಾಗ ಭಾರ ಹಾಕಬೇಡಿ. ಸ್ವಲ್ಪ ಕೊಯ್ದು ಹೋಸ್ ತಿರುಗಿಸಿ, ಮತ್ತೆ ಸ್ವಲ್ಪ ಕೊಯ್ಯಿರಿ. ಬ್ಲೇಡ್ ಆಚೆ ಬದಿಯಲ್ಲಿ ಹೊರಬೀಳುವಾಗಲೇ ಎಳೆಗಳು ಕೆದರುವುದು. ಸುತ್ತಲೂ ಹೊರಗಿನಿಂದ ಒಳಕ್ಕೆ ಕೊಯ್ದರೆ ಆ ತಾಪತ್ರಯವೇ ಇಲ್ಲ.

ನನಗೆ ಗ್ರೈಂಡರೇ ಇಷ್ಟ. 1 ಮಿ.ಮೀ. ದಪ್ಪದ ಕಟಿಂಗ್ ವ್ಹೀಲ್ ಹಾಕಿದರೆ ಕ್ಷಣಾರ್ಧದಲ್ಲಿ ಕೆಲಸ ಮುಗಿದು, ತಂತಿಯ ತುದಿಗಳು ಒಂದೇ ಮಟ್ಟಕ್ಕೆ ನಿಲ್ಲುತ್ತವೆ. ಒಂದೇ ಕಡೆ ಒತ್ತಿ ಹಿಡಿದರೆ ಮಾತ್ರ ರಬ್ಬರ್ ಸುಟ್ಟು ಗಬ್ಬು ಹೊಡೆಯುತ್ತದೆ. ಕಣ್ಣಿಗೆ ಕನ್ನಡಕ ಬೇಕೇಬೇಕು. ಪೆಟ್ರೋಲ್ ಹರಿದ ಹಳೆ ಹೋಸಿನ ಹತ್ತಿರ ಗ್ರೈಂಡರ್ ತರಲೇಬೇಡಿ. ಖಾಲಿ ಮಾಡಿದರೂ ಒಳಗೆ ಆವಿ ಇರುತ್ತದೆ, ಕಿಡಿ ಒಂದು ಸಾಕು. ಉಳಿ ಇಟ್ಟು ಒಂದೇ ಏಟಿಗೆ ತುಂಡರಿಸುವವರೂ ಇದ್ದಾರೆ. ರಬ್ಬರ್ ಒಳಕೊಳವೆ ಅದನ್ನು ತಡೆದುಕೊಂಡೀತು, ಟೆಫ್ಲಾನ್ ಜಜ್ಜಿಹೋಗುತ್ತದೆ.

ಕೊಯ್ದ ಮೇಲೆ ಒಳಗಿನ ರಬ್ಬರ್ ಪುಡಿ, ತಂತಿಯ ಚೂರು ತೆಗೆಯಿರಿ. ಬಟ್ಟೆ ಚೂರೊಂದನ್ನು ತಂತಿಗೆ ಕಟ್ಟಿ ಎಳೆದು, ಆಮೇಲೆ ಕಂಪ್ರೆಸರ್ ಗಾಳಿ ಹೊಡೆಯಿರಿ. ಇಷ್ಟಕ್ಕೆ ಸೋಮಾರಿತನ ಮಾಡಿದರೆ ಆ ಕಸ ಬೇರಿಂಗಿಗೋ ಇಂಜೆಕ್ಟರಿಗೋ ಹೋಗಿ ಕೂರುತ್ತದೆ.

ಟೇಪ್ ಬಿಚ್ಚುವ ಮುಂಚೆಯೇ ಫಿಟಿಂಗಿನ ನಟ್ ಅನ್ನು ಹೋಸಿನ ಮೇಲೆ ಏರಿಸಿಬಿಡಿ. ಎರಡೂ ತುದಿ ಬಿಚ್ಚಿಕೊಂಡ ಮೇಲೆ ನೆನಪಾದರೆ ಮತ್ತೆ ಪೊರಕೆಯೇ ಗತಿ. ಟೆಫ್ಲಾನ್ ಹೋಸಿನಲ್ಲಿ ಜಾಲಿಯನ್ನು ತುಸು ಹೊರಕ್ಕೆ ಅರಳಿಸಿ, ಒಳಕೊಳವೆಯ ಮೇಲೆ ಹಿತ್ತಾಳೆಯ ಉಂಗುರ ಕೂರಿಸಬೇಕು. ಒಂದೇ ಒಂದು ಎಳೆ ಉಂಗುರದ ಕೆಳಗೆ ಸಿಕ್ಕಿಕೊಂಡರೂ ಸೋರಿಕೆ ಖಚಿತ, ಹಾಗಾಗಿ ಟಾರ್ಚ್ ಹಿಡಿದು ಸುತ್ತ ನೋಡಿ. ರಬ್ಬರ್ ಹೋಸಾದರೆ ಸಾಕೆಟ್ಟಿನ, ಅಂದರೆ ಆ ನಟ್ಟಿನ, ಅಂಚಿಗೆ ಸರಿಯಾಗಿ ಹೋಸಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು, ಹೋಸಿನೊಳಗೆ ಹೋಗುವ ನಿಪ್ಪಲ್ಲಿಗೆ ಎಣ್ಣೆ ಸವರಿ ತಿರುಗಿಸಿ. ಗೆರೆ ಅಂಚಿನಿಂದ ದೂರ ಸರಿದಿದ್ದರೆ ಹೋಸ್ ಹಿಂದಕ್ಕೆ ಜಾರಿದೆ ಎಂದರ್ಥ. ಬಿಚ್ಚಿ ಮತ್ತೆ ಹಾಕಿ.

ಬ್ರೇಕ್ ಹೋಸ್ ಮಾತ್ರ ಮನೆಯಲ್ಲಿ ಕತ್ತರಿಸಬೇಡಿ. ಒತ್ತಡ ಪರೀಕ್ಷೆಯಾಗಿ ಬಂದ ಕ್ರಿಂಪ್ ಮಾಡಿದ ಹೋಸನ್ನೇ ಕೊಳ್ಳಿ.

ಆಯಿಲ್ ಹೋಸಾದರೆ ಇಂಜಿನ್ ಬಿಸಿಯಾಗುವವರೆಗೆ ಓಡಿಸಿ, ಆಫ್ ಮಾಡಿ, ಜಾಯಿಂಟಿನ ಸುತ್ತ ಬಿಳಿ ಟಿಶ್ಯೂ ಒತ್ತಿ ಸೋರಿಕೆ ಇದೆಯೇ ನೋಡಿ.