ಸಹಾಯಾರ್ಥ ಸೈಕಲ್ ಜಾಥಾ: ಫಾರ್ವರ್ಡ್ ಮಾಡುವ ಮುನ್ನ, ಪೆಡಲ್ ತುಳಿಯುವ ಮುನ್ನ ತಿಳಿದಿರಬೇಕಾದದ್ದು

"ಬರುವ ಭಾನುವಾರ ಬೆಳಿಗ್ಗೆ 6ಕ್ಕೆ ಹೂವಿನ ಹಿಪ್ಪರಗಿಯಿಂದ ಬಸವನ ಬಾಗೇವಾಡಿಗೆ ಸೈಕಲ್ ಜಾಥಾ. ಬಡ ಮಗುವಿನ ಹೃದಯ ಆಪರೇಷನ್‌ಗೆ ನೆರವಾಗಿ. ನೋಂದಣಿ 200 ರೂಪಾಯಿ. ಕೆಳಗಿನ ಕ್ಯೂಆರ್ ಸ್ಕ್ಯಾನ್ ಮಾಡಿ. ಹತ್ತು ಗುಂಪಿಗೆ ಕಳಿಸಿ."

ಇಂಥದೊಂದು ಸಂದೇಶ ನಿಮ್ಮ ಊರಿನ ವಾಟ್ಸಾಪ್ ಗುಂಪಿಗೆ ಬಂತು ಎಂದುಕೊಳ್ಳಿ. ಅದರ ಕೆಳಗೆ ಏನೇನು ಬರುತ್ತದೆ ಎಂಬುದೂ ನಮಗೆಲ್ಲ ಗೊತ್ತು. ಒಬ್ಬರು ಕೈ ಮುಗಿಯುವ ಇಮೋಜಿ ಹಾಕುತ್ತಾರೆ. ಇನ್ನೊಬ್ಬರು "ಸೈಕಲ್ ತುಳಿದ್ರ ಮೊಣಕಾಲು ಹೋಗ್ತಾವ" ಎನ್ನುತ್ತಾರೆ. ಮತ್ತೊಬ್ಬರು "ಇದೆಲ್ಲಾ ರೊಕ್ಕ ಹೊಡಿಯೋ ದಂಧೆ" ಎನ್ನುತ್ತಾರೆ. ಇವುಗಳಲ್ಲಿ ಯಾವುದು ನಿಜ? ಒಂದೊಂದಾಗಿ ನೋಡೋಣ.

ಸೈಕಲ್ ತುಳಿದರೆ ಮೊಣಕಾಲು ಸವೆಯುತ್ತದೆಯೇ?

ಇಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ಭಾರ ನೆಲಕ್ಕೆ ಅಪ್ಪಳಿಸುತ್ತದೆ, ಆ ಪೆಟ್ಟು ಮೊಣಕಾಲಿಗೆ ತಲುಪುತ್ತದೆ. ಸೈಕಲ್ ಮೇಲೆ ದೇಹದ ಹೆಚ್ಚಿನ ಭಾರವನ್ನು ಸೀಟು ಹೊರುತ್ತದೆ, ಕಾಲು ತಿರುಗುತ್ತದೆ ಅಷ್ಟೇ. ಅಮೆರಿಕದಲ್ಲಿ 2,600ಕ್ಕೂ ಹೆಚ್ಚು ಜನರನ್ನು ಒಳಗೊಂಡು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬದುಕಿನ ಯಾವುದಾದರೂ ಹಂತದಲ್ಲಿ ಸೈಕಲ್ ತುಳಿದವರಲ್ಲಿ ಮೊಣಕಾಲು ನೋವು ಕಡಿಮೆ ಕಂಡುಬಂತು. ಇದರಿಂದ ಸೈಕಲ್ಲೇ ನೋವನ್ನು ತಡೆಯಿತು ಎಂದು ಸಾಬೀತಾಗುವುದಿಲ್ಲ. ಆದರೆ ಸೈಕಲ್ ಮೊಣಕಾಲನ್ನು ಹಾಳು ಮಾಡುತ್ತದೆ ಎಂಬ ಮಾತಿಗೂ ಅದು ಬೆಂಬಲ ಕೊಡುವುದಿಲ್ಲ.

ಹಾಗಾದರೆ ಕೆಲವರಿಗೆ ನೋವು ಬರುವುದೇಕೆ? ಸಾಮಾನ್ಯ ಕಾರಣ ಸೀಟು ತೀರಾ ಕೆಳಗಿರುವುದು. ಸೀಟಿನ ಮೇಲೆ ಕುಳಿತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ಹೆಚ್ಚುಕಡಿಮೆ ನೇರವಾಗಬೇಕು. ಆಗದಿದ್ದರೆ ಸೀಟು ಏರಿಸಿ. ಎರಡನೆಯ ಕಾರಣ, ವರ್ಷಗಟ್ಟಲೆ ಸೈಕಲ್ ಮುಟ್ಟದೆ ಒಂದೇ ದಿನ ದೂರದ ಸವಾರಿಗೆ ಇಳಿಯುವುದು. ಜಾಥಾಕ್ಕೆ ಮೂರು ನಾಲ್ಕು ವಾರ ಮೊದಲೇ ವಾರಕ್ಕೆ ಮೂರು ದಿನ ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸಿಕೊಳ್ಳುತ್ತಾ ಹೋಗಿ.

ಗಂಡಸರಿಗೆ ಮಕ್ಕಳಾಗುವುದಿಲ್ಲ, ಹೆಣ್ಣುಮಕ್ಕಳ ಗರ್ಭಕೋಶಕ್ಕೆ ತೊಂದರೆ?

2014ರಲ್ಲಿ ಬ್ರಿಟನ್‌ನ 5,282 ಪುರುಷ ಸೈಕಲ್ ಸವಾರರ ಮೇಲೆ ನಡೆದ ಅಧ್ಯಯನದಲ್ಲಿ, ಸೈಕಲ್ ತುಳಿಯುವ ಸಮಯಕ್ಕೂ ಬಂಜೆತನಕ್ಕೂ ಸಂಬಂಧ ಸಿಗಲಿಲ್ಲ. ಗಟ್ಟಿ ಸೀಟಿನಿಂದ ಆ ಭಾಗ ಜೋಮು ಹಿಡಿಯುವುದು ಮಾತ್ರ ನಿಜ. ಹಾಗಾದಾಗ ಆಗಾಗ ಎದ್ದು ನಿಂತು ತುಳಿಯಬೇಕು. ಸೀಟಿನ ಮೂತಿ ಮೇಲಕ್ಕೆ ಎತ್ತಿದ್ದರೆ ಸಮ ಮಾಡಿಸಬೇಕು. ಜೋಮು ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಹೆಣ್ಣುಮಕ್ಕಳ ಗರ್ಭಕೋಶ ಸೊಂಟದ ಮೂಳೆಗಳ ಒಳಗೆ ಸುರಕ್ಷಿತವಾಗಿರುತ್ತದೆ. ಸೀಟು ಅದನ್ನು ಒತ್ತುವುದೇ ಇಲ್ಲ. 2006-07ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಮುಂದೆ ಲಕ್ಷಾಂತರ ಹುಡುಗಿಯರು ಆ ಸೈಕಲ್ ತುಳಿದೇ ಹೈಸ್ಕೂಲು ಮುಗಿಸಿದರು.

ಬಿಸಿಲಿನಲ್ಲಿ ತಣ್ಣೀರು ಕುಡಿದರೆ ಹೃದಯ ನಿಲ್ಲುತ್ತದೆಯೇ?

ಇದು ಬೇಸಿಗೆಗೊಮ್ಮೆ ತಪ್ಪದೆ ಬರುವ ಫಾರ್ವರ್ಡ್. ಆರೋಗ್ಯವಂತರು ದಣಿದಾಗ ತಣ್ಣೀರು ಕುಡಿದರೆ ಅಪಾಯವಿಲ್ಲ. ಕುಡಿಯದೇ ಇರುವುದೇ ನಿಜವಾದ ಅಪಾಯ. ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಸೈಕಲ್ ಮೇಲೆ ಗಾಳಿಗೆ ಬೆವರು ಆರಿಹೋಗುವುದರಿಂದ ಎಷ್ಟು ನೀರು ಹೋಯಿತು ಎಂಬುದು ತಿಳಿಯುವುದಿಲ್ಲ.

ಗಂಟೆಗೆ ಸುಮಾರು ಅರ್ಧ ಲೀಟರ್ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ಬಾಯಾರಿದರೆ ಇನ್ನಷ್ಟು ಕುಡಿಯಿರಿ. ಎರಡು ಗಂಟೆ ಮೀರಿದ ಸವಾರಿಗೆ ಬರೀ ನೀರು ಸಾಲದು. ಇಂಡಿ ನಿಂಬೆ ನಮ್ಮ ಕೈಗೆಟುಕುವಲ್ಲೇ ಇದೆ, ಉಪ್ಪು ಸಕ್ಕರೆ ಹಾಕಿದ ಪಾನಕ ಮಾಡಿಕೊಳ್ಳಿ. ಮಜ್ಜಿಗೆಯೂ ಆಗುತ್ತದೆ. ಹಾಗೆಂದು ಬಾಯಾರಿಕೆ ಇಲ್ಲದಿದ್ದರೂ ಲೀಟರುಗಟ್ಟಲೆ ನೀರು ಸುರಿದುಕೊಳ್ಳುವುದೂ ತಪ್ಪು. ಅದರಿಂದ ರಕ್ತದಲ್ಲಿನ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಜೊತೆಯವರು ತಡವರಿಸಿ ಮಾತಾಡಿದರೆ, ಗೊಂದಲಗೊಂಡರೆ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲಾಘಾತ ಇರಬಹುದು. ಕೂಡಲೇ ನೆರಳಿಗೆ ಕರೆತಂದು, ಮೈಮೇಲೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎದೆನೋವು, ಹೃದಯದ ಕಾಯಿಲೆ, ಹತೋಟಿಯಲ್ಲಿಲ್ಲದ ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಜಾಥಾ ಸೇರಬಾರದು.

ಗುಂಪಿನಲ್ಲಿ ಹೋದರೆ ಸುರಕ್ಷಿತವೇ?

ಗುಂಪು ದೂರದಿಂದಲೇ ಕಾಣುತ್ತದೆ, ಅದು ಅನುಕೂಲ. ಆದರೆ ಒಬ್ಬರು ಬಿದ್ದರೆ ಹಿಂದಿನ ನಾಲ್ವರು ಬೀಳುತ್ತಾರೆ. ಟಿವಿಯಲ್ಲಿ ಸ್ಪರ್ಧಿಗಳು ಒಬ್ಬರ ಹಿಂದೊಬ್ಬರು ಅಂಟಿಕೊಂಡು ಹೋಗುವುದು ಗಾಳಿಯ ತಡೆ ತಪ್ಪಿಸಿಕೊಳ್ಳಲು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅಷ್ಟು ವೇಗದಲ್ಲಿ ಹೋಗುವವರಿಗೆ ಅದು ಲಾಭ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವ ನಮಗೆ ಸಿಗುವ ಲಾಭ ಅಲ್ಪ, ಬೀಳುವ ಅಪಾಯ ಹೆಚ್ಚು. ಆದ್ದರಿಂದ ಮುಂದಿನ ಸೈಕಲ್‌ನಿಂದ ಎರಡು ಸೈಕಲ್ ಉದ್ದದಷ್ಟು ಅಂತರ ಬಿಡಿ.

ನಮ್ಮ ರಸ್ತೆಗಳ ಅಪಾಯಗಳೇ ಬೇರೆ. ಸುಗ್ಗಿಯಲ್ಲಿ ಡಾಂಬರಿನ ಮೇಲೆ ಜೋಳ, ತೊಗರಿ ಹರವಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಚಾಲಕನಿಗೆ ಹಿಂದಿರುವ ಸೈಕಲ್ ಕಾಣುವುದಿಲ್ಲ. ಅದರ ಪಕ್ಕದಲ್ಲಿ ನುಸುಳಬೇಡಿ. ರಸ್ತೆಯಂಚಿನ ಜಾಲಿಮುಳ್ಳಿಗೆ ಪಂಕ್ಚರ್ ಆಗುವುದು ಖಚಿತ, ಟ್ಯೂಬು ಮತ್ತು ಪಂಪು ಜೊತೆಗಿರಲಿ. ಹೆಲ್ಮೆಟ್ ಕಡ್ಡಾಯ ಎಂಬ ಕಾನೂನು ಸೈಕಲ್ಲಿಗೆ ಇಲ್ಲ. ಆದರೆ ತಲೆ ನೆಲಕ್ಕೆ ಬಡಿದಾಗ ಆಗುವ ಪೆಟ್ಟಿಗೆ ಕಾನೂನು ಗೊತ್ತಿಲ್ಲ. ಹಾಕಿಕೊಳ್ಳಿ.

ದುಡ್ಡು ಎಲ್ಲಿಗೆ ಹೋಗುತ್ತದೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಒಂದು ಲೆಕ್ಕ ಹಾಕೋಣ. 100 ಜನ ತಲಾ 200 ರೂಪಾಯಿ ಕೊಟ್ಟರೆ 20,000. ಒಬ್ಬೊಬ್ಬರಿಗೆ ಟೀಶರ್ಟಿಗೆ 120, ಉಪ್ಪಿಟ್ಟು ಚಹಾಕ್ಕೆ 40, ಪದಕ ಬ್ಯಾನರಿಗೆ 30 ಎಂದರೆ 19,000 ಖರ್ಚು. ಮಗುವಿಗೆ ಉಳಿದದ್ದು 1,000 ರೂಪಾಯಿ. ಇಲ್ಲಿ ಯಾರೂ ಕದ್ದಿಲ್ಲ. ಆದರೂ ನೆರವು ತಲುಪಲಿಲ್ಲ.

ಇದನ್ನು ಸರಿಯಾಗಿ ಮಾಡಲು ಸಾಧ್ಯ. ಅಮೆರಿಕದಲ್ಲಿ 1980ರಲ್ಲಿ 36 ಸವಾರರಿಂದ ಶುರುವಾದ ಪ್ಯಾನ್ ಮಾಸ್ ಚಾಲೆಂಜ್ ಎಂಬ ಸೈಕಲ್ ಯಾತ್ರೆ ಮೊದಲ ವರ್ಷ ಕ್ಯಾನ್ಸರ್ ಆಸ್ಪತ್ರೆಗೆ 10,200 ಡಾಲರ್ ಕೊಟ್ಟಿತ್ತು. ಈಗ ಸವಾರರು ಸಂಗ್ರಹಿಸುವ ದೇಣಿಗೆ ಪೂರ್ತಿಯಾಗಿ ಆಸ್ಪತ್ರೆಗೆ ಹೋಗುತ್ತದೆ. ನಡೆಸುವ ಖರ್ಚನ್ನು ನೋಂದಣಿ ಶುಲ್ಕ ಮತ್ತು ಪ್ರಾಯೋಜಕರ ಹಣ ಭರಿಸುತ್ತವೆ. ಅಂದರೆ ಖರ್ಚಿನ ಹಣ ಬೇರೆ, ದೇಣಿಗೆಯ ಹಣ ಬೇರೆ. ನಮ್ಮ ಊರಿನ ಜಾಥಾಕ್ಕೂ ಇದೇ ಸೂತ್ರ ಸಾಕು. ಟೀಶರ್ಟ್ ಬಿಟ್ಟರೂ ಸೈಕಲ್ ಓಡುತ್ತದೆ.

ಸ್ಕ್ಯಾನ್ ಮಾಡುವ ಮುನ್ನ ಐದು ಪ್ರಶ್ನೆ

1. ಸಂದೇಶದಲ್ಲಿ ಆಸ್ಪತ್ರೆಯ ಹೆಸರು, ಸಂಘಟಕರ ಹೆಸರು, ದಿನಾಂಕ, ಇಸವಿ ಇದೆಯೇ? ವರ್ಷಗಳ ಹಿಂದಿನ ಮಗುವಿನ ಫೋಟೊ ಇಂದಿಗೂ ಸುತ್ತುತ್ತಿರುತ್ತದೆ. "ಬರುವ ಭಾನುವಾರ" ಎಂಬುದು ಪ್ರತಿ ವಾರವೂ ಬರುತ್ತದೆ.

2. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ತೆರೆಯ ಮೇಲೆ ಬರುವ ಖಾತೆದಾರರ ಹೆಸರು ಯಾರದು? ಸಂಘಟಕರ ಹೆಸರಲ್ಲದಿದ್ದರೆ ನಿಲ್ಲಿಸಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. "ರೀಫಂಡ್ ಕೊಡ್ತೀವಿ, ಪಿನ್ ಹಾಕಿ" ಎಂದರೆ ಅದು ಮೋಸ.

3. ನೇರವಾಗಿ ಆಸ್ಪತ್ರೆಯ ಖಾತೆಗೇ ಕಟ್ಟಬಹುದೇ? ಸಾಧ್ಯವಿದ್ದರೆ ಅದೇ ಒಳ್ಳೆಯ ದಾರಿ.

4. ಆ ಕುಟುಂಬ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಚಾರಿಸಿದೆಯೇ? ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿದೆ. ಎಷ್ಟೋ ಸಲ ದೇಣಿಗೆಗಿಂತ ಈ ಮಾಹಿತಿಯೇ ದೊಡ್ಡ ನೆರವು.

5. ಜಾಥಾ ಮುಗಿದ ಮೇಲೆ ಜಮಾ ಖರ್ಚಿನ ಲೆಕ್ಕವನ್ನು ಅದೇ ಗುಂಪಿನಲ್ಲಿ ಹಾಕುತ್ತಾರೆಯೇ? ಈ ಪ್ರಶ್ನೆ ಕೇಳಿದರೆ ಪ್ರಾಮಾಣಿಕ ಸಂಘಟಕರಿಗೆ ಬೇಸರವಾಗುವುದಿಲ್ಲ.

ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಒಟ್ಟಿನಲ್ಲಿ ಹೇಳುವುದಾದರೆ

ಸೈಕಲ್ ಜಾಥಾ ದೇಹಕ್ಕೆ ಒಳ್ಳೆಯದು, ಊರಿಗೂ ಒಳ್ಳೆಯದು. ಎಲ್ಲವೂ ದಂಧೆ ಎಂದು ತಳ್ಳಿಹಾಕಿದರೆ ನಿಜವಾಗಿ ಕಷ್ಟದಲ್ಲಿರುವ ಮಗುವಿಗೆ ನಷ್ಟ. ಎಲ್ಲವನ್ನೂ ನಂಬಿ ಹತ್ತು ಗುಂಪಿಗೆ ಕಳಿಸಿದರೂ ಅದೇ ಮಗುವಿಗೆ ನಷ್ಟ. ಮುಂದಿನ ಸಲ ಇಂಥ ಸಂದೇಶ ಬಂದಾಗ ಮೊದಲು ಅದರಲ್ಲಿರುವ ನಂಬರಿಗೆ ಒಂದು ಕರೆ ಮಾಡಿ, ಈ ಐದು ಪ್ರಶ್ನೆ ಕೇಳಿ. ಉತ್ತರ ಸರಿಯಾಗಿದ್ದರೆ ಫಾರ್ವರ್ಡ್ ಮಾಡಿ. ಆಮೇಲೆ ಸೀಟು ಏರಿಸಿಕೊಂಡು, ನೀರಿನ ಬಾಟಲಿ ತುಂಬಿಕೊಂಡು ನೀವೂ ಹೊರಡಿ.